ವ್ಯಸನ ಮತ್ತು ಮನೋವ್ಯಾಧಿಯಿಂದ ಚೇತರಿಸಿಕೊಂಡವರಿಗೆ ಜೀವವಿಮೆ: ಮರೆಮಾಚಿದರೆ ನಷ್ಟ ಯಾರಿಗೆ?

ಮಾರ್ಚ್ ತಿಂಗಳು ಸಮೀಪಿಸಿದೊಡನೆ ಜೀವವಿಮೆಯ ನೆನಪಾಗುವುದು ನಮ್ಮ ವ್ಯಾಪಾರಿ ಸಮುದಾಯದ ಹಳೆಯ ರೂಢಿ. ತೆರಿಗೆ ಉಳಿಸಲು ಎಷ್ಟು ಕಂತು ಕಟ್ಟಬೇಕೆಂಬುದು ತಿಳಿದರೆ ಸಾಕು, ಏಜೆಂಟರು ಗುರುತು ಹಾಕಿದ ಕಡೆಗಳಲ್ಲೆಲ್ಲಾ ಸಹಿ ಮಾಡಿ ಕೆಲಸ ಮುಗಿಸುತ್ತೇವೆ. ಆದರೆ ಒಂದು ವರ್ಗದ ಜನರಿಗೆ ಈ ಸಹಿ ಅಷ್ಟು ಸುಲಭವಾದುದಲ್ಲ. ಮದ್ಯವ್ಯಸನಕ್ಕೋ ಖಿನ್ನತೆಗೋ ಬೈಪೋಲಾರ್ ಕಾಯಿಲೆಗೋ ಚಿಕಿತ್ಸೆ ಪಡೆದು, ಈಗ ಮತ್ತೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮೊದಲಿನಂತೆ ವ್ಯವಹಾರ ನಡೆಸುತ್ತಿರುವ ವ್ಯಕ್ತಿಗಳು ನಮ್ಮ ನಡುವೆಯೇ ಇದ್ದಾರೆ. ಇವರ ಮೇಲೆ ಸಂಸಾರದ ಹೊಣೆ ಇದೆ, ಬ್ಯಾಂಕಿನ ಸಾಲವಿದೆ, ಪಾಲುದಾರರ ಹಣವಿದೆ. ಜೀವವಿಮೆಯ ಅಗತ್ಯ ಇವರಿಗೆ ಇತರರಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಇಂತಹವರಲ್ಲಿ ಎರಡು ನಂಬಿಕೆಗಳು ಬೇರೂರಿವೆ. ಮೊದಲನೆಯದು, ತಮಗೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲವೆಂಬುದು. ಎರಡನೆಯದು, ವಿಷಯ ಮುಚ್ಚಿಟ್ಟು ಪಾಲಿಸಿ ಪಡೆದು ಮೂರು ವರ್ಷ ಕಳೆದರೆ ಆಮೇಲೆ ಯಾರೂ ಕೇಳುವಂತಿಲ್ಲವೆಂಬುದು. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ಅಪಾಯಕಾರಿ. ಇವೆರಡನ್ನೂ ಕಾನೂನು ಮತ್ತು ಲೆಕ್ಕಾಚಾರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸಮಸ್ಯೆಯ ವ್ಯಾಪ್ತಿ

ಇದು ಎಲ್ಲೋ ಕೆಲವರ ಮನೆಯ ಸಂಗತಿಯೆಂದು ಭಾವಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಆ ವೇಳೆಯಲ್ಲಿ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಕಾಯಿಲೆಗನುಸಾರವಾಗಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ಸಂಸ್ಥೆಯು ಸಿದ್ಧಪಡಿಸಿ 2019ರಲ್ಲಿ ಪ್ರಕಟವಾದ ವರದಿಯು, ಮದ್ಯಪಾನದ ಸಮಸ್ಯೆಗೆ ನೆರವು ಬೇಕಾದವರ ಸಂಖ್ಯೆಯನ್ನು ಸುಮಾರು 5.7 ಕೋಟಿಯೆಂದು ಅಂದಾಜು ಮಾಡಿತು.

ಈ ಅಂಕಿಗಳಲ್ಲಿ ಒಂದು ವಿಪರ್ಯಾಸ ಅಡಗಿದೆ. ವೈದ್ಯರ ಬಳಿಗೇ ಹೋಗದವನ ಹೆಸರಿನಲ್ಲಿ ಯಾವ ಕಡತವೂ ಇಲ್ಲ. ಅವನು ಪ್ರಸ್ತಾವನಾ ಪತ್ರದಲ್ಲಿ ‘ಇಲ್ಲ’ ಎಂದು ಬರೆದುಬಿಡುತ್ತಾನೆ. ಧೈರ್ಯಮಾಡಿ ಚಿಕಿತ್ಸೆ ಪಡೆದು ಗುಣಮುಖನಾದವನ ಹೆಸರಿನಲ್ಲಿ ಮಾತ್ರ ದಾಖಲೆ ಇರುತ್ತದೆ. ಹೀಗಾಗಿ ಅನೇಕರು ಆ ದಾಖಲೆಯನ್ನು ತಮ್ಮ ಶತ್ರುವೆಂದೇ ಭಾವಿಸುತ್ತಾರೆ. ಸರಿಯಾಗಿ ಬಳಸಿಕೊಂಡರೆ ಅದೇ ಅವರ ಪರವಾದ ಸಾಕ್ಷಿಯಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಆರೋಗ್ಯವಿಮೆ ಬೇರೆ, ಜೀವವಿಮೆ ಬೇರೆ

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು 2018ರ ಮೇ 29ರಿಂದ ಜಾರಿಗೆ ಬಂದಿತು. ದೈಹಿಕ ಕಾಯಿಲೆಯ ಚಿಕಿತ್ಸೆಗೆ ಯಾವ ಆಧಾರದ ಮೇಲೆ ವಿಮೆ ಒದಗಿಸಲಾಗುತ್ತದೆಯೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ಅದರ 21(4)ನೇ ಕಲಂ ವಿಧಿಸುತ್ತದೆ. ಇದನ್ನು ಪಾಲಿಸುವಂತೆ ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. 2021ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವೂ ಈ ಕಲಮನ್ನು ಎತ್ತಿಹಿಡಿದು, ಮಾನಸಿಕ ಕಾಯಿಲೆಯನ್ನು ಹೊರಗಿಟ್ಟ ಪಾಲಿಸಿಯೊಂದರಡಿ ಹಣ ಪಾವತಿಸುವಂತೆ ವಿಮಾ ಕಂಪನಿಗೆ ಆದೇಶ ನೀಡಿತು.

ಈ ಸುದ್ದಿಗಳನ್ನು ಓದಿದ ಕೆಲವರು, ಇನ್ನು ಮುಂದೆ ಜೀವವಿಮೆಯನ್ನೂ ಯಾರೂ ನಿರಾಕರಿಸುವಂತಿಲ್ಲವೆಂದು ಭಾವಿಸಿದ್ದಾರೆ. ಅದು ಸರಿಯಲ್ಲ. ಕಲಮಿನಲ್ಲಿರುವ ಪದ ‘ವೈದ್ಯಕೀಯ ವಿಮೆ’. ಆಸ್ಪತ್ರೆಯ ಖರ್ಚು ಭರಿಸುವ ಪಾಲಿಸಿಗೆ ಅದು ಅನ್ವಯಿಸುತ್ತದೆ. ವ್ಯಕ್ತಿಯ ಮರಣಾನಂತರ ಕುಟುಂಬಕ್ಕೆ ಹಣ ಕೊಡುವ ಜೀವವಿಮೆಯಲ್ಲಿ, ಪ್ರಸ್ತಾವವನ್ನು ಒಪ್ಪುವ, ಹೆಚ್ಚುವರಿ ಕಂತು ವಿಧಿಸುವ, ಮುಂದೂಡುವ ಅಥವಾ ತಿರಸ್ಕರಿಸುವ ಸ್ವಾತಂತ್ರ್ಯ ಕಂಪನಿಗೆ ಇಂದಿಗೂ ಇದೆ. ಇನ್ನೊಂದು ಸೂಕ್ಷ್ಮವೂ ಉಂಟು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು 2017ರ ಕಾಯಿದೆಯು ‘ಮಾನಸಿಕ ಕಾಯಿಲೆ’ಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಆದರೂ ಅನೇಕ ಆರೋಗ್ಯ ಪಾಲಿಸಿಗಳ ಹೊರಪಡಿಕೆಗಳ ಪಟ್ಟಿಯಲ್ಲಿ ವ್ಯಸನದ ಚಿಕಿತ್ಸೆ ಕಾಣಿಸಿಕೊಳ್ಳುತ್ತದೆ. ಪಾಲಿಸಿ ಕೊಳ್ಳುವ ಮೊದಲು ಆ ಪಟ್ಟಿಯನ್ನು ಓದಿಕೊಳ್ಳುವುದು ಅಗತ್ಯ.

ಕಂಪನಿ ನೋಡುವ ಬಗೆ

ಜೀವವಿಮೆಯು ಸರಾಸರಿಯ ವ್ಯವಹಾರ. ಒಂದೇ ವಯಸ್ಸಿನ ಸಾವಿರಾರು ಮಂದಿಯಲ್ಲಿ ವರ್ಷಕ್ಕೆ ಎಷ್ಟು ಮರಣಗಳು ಸಂಭವಿಸಬಹುದೆಂಬ ಕೋಷ್ಟಕದ ಮೇಲೆ ಕಂತಿನ ದರ ನಿಂತಿದೆ. ಪ್ರಸ್ತಾವವನ್ನು ಪರಿಶೀಲಿಸುವ ಅಂಡರ್‌ರೈಟರ್, ಈ ವ್ಯಕ್ತಿಯ ಅಪಾಯ ಆ ಸರಾಸರಿಗಿಂತ ಎಷ್ಟು ಹೆಚ್ಚು ಎಂಬುದನ್ನು ಅಳೆಯುತ್ತಾನೆಯೇ ಹೊರತು ಅವನ ನಡತೆಯ ಬಗ್ಗೆ ತೀರ್ಪು ಕೊಡುವುದಿಲ್ಲ. ಸಕ್ಕರೆ ಕಾಯಿಲೆಯವನಿಗೂ ರಕ್ತದೊತ್ತಡದವನಿಗೂ ಬಳಸುವ ಅಳತೆಗೋಲೇ ಇಲ್ಲಿಯೂ ಬಳಕೆಯಾಗುತ್ತದೆ.

ಮದ್ಯವ್ಯಸನದ ವಿಷಯದಲ್ಲಿ ಮುಖ್ಯವಾಗಿ ನೋಡುವುದು ನಾಲ್ಕು ಸಂಗತಿಗಳನ್ನು: ಕುಡಿತ ಬಿಟ್ಟು ಎಷ್ಟು ಕಾಲವಾಯಿತು, ನಡುವೆ ಮತ್ತೆ ಆರಂಭವಾಗಿತ್ತೇ, ಯಕೃತ್ತಿಗೆ ಹಾನಿಯಾಗಿದೆಯೇ, ಜೊತೆಗೆ ಬೇರೆ ಮಾದಕ ವಸ್ತು ಅಥವಾ ಮಾನಸಿಕ ಕಾಯಿಲೆ ಇತ್ತೇ ಎಂಬುದು. ರಕ್ತಪರೀಕ್ಷೆಯಲ್ಲಿ ಜಿ.ಜಿ.ಟಿ., ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂಬ ಯಕೃತ್ತಿನ ಅಂಶಗಳಿಗೆ ಗಮನ ಕೊಡುವುದು ಇದೇ ಕಾರಣಕ್ಕೆ. ಮಾನಸಿಕ ಕಾಯಿಲೆಯ ವಿಷಯದಲ್ಲಿ ರೋಗನಿರ್ಣಯದ ಹೆಸರು, ಆಸ್ಪತ್ರೆಗೆ ದಾಖಲಾದ ಸಂಖ್ಯೆ, ಔಷಧವನ್ನು ಕ್ರಮವಾಗಿ ಸೇವಿಸುತ್ತಿದ್ದಾರೆಯೇ ಎಂಬುದು, ಆತ್ಮಹತ್ಯೆಯ ಪ್ರಯತ್ನದ ಇತಿಹಾಸ, ಕೆಲಸಕ್ಕೆ ಗೈರುಹಾಜರಾದ ಅವಧಿ ಇವುಗಳನ್ನು ಪರಿಗಣಿಸುತ್ತಾರೆ. ಔಷಧ ಸೇವನೆ ಮುಂದುವರಿದಿದೆಯೆಂದು ತಿಳಿಸಿದರೆ ಪ್ರಸ್ತಾವ ಬಿದ್ದುಹೋಗುತ್ತದೆಂಬ ಭಯ ಅನೇಕರಲ್ಲಿದೆ. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಿದವನಿಗಿಂತ, ಅವರ ಸಲಹೆಯಂತೆ ಕ್ರಮವಾಗಿ ಸೇವಿಸುತ್ತಾ ಸ್ಥಿರವಾಗಿರುವವನ ಅಪಾಯವೇ ಕಡಿಮೆ ಎಂಬುದನ್ನು ಅಂಡರ್‌ರೈಟರೂ ಬಲ್ಲ.

ಪರಿಶೀಲನೆಯ ಫಲ ನಾಲ್ಕು ಬಗೆಯಲ್ಲಿ ಬರಬಹುದು. ಹಳೆಯದಾದ ಸೌಮ್ಯ ಖಿನ್ನತೆ ಅಥವಾ ಆತಂಕದಂತಹ ಪ್ರಕರಣ ಸಾಮಾನ್ಯ ದರದಲ್ಲೇ ಒಪ್ಪಿತವಾಗಬಹುದು. ಅಪಾಯ ಸ್ವಲ್ಪ ಹೆಚ್ಚೆಂದು ಕಂಡರೆ ಹೆಚ್ಚುವರಿ ಕಂತು ಬೀಳುತ್ತದೆ. ಚಿಕಿತ್ಸೆ ಇತ್ತೀಚೆಗಷ್ಟೇ ಮುಗಿದಿದ್ದರೆ ಒಂದೆರಡು ವರ್ಷ ಬಿಟ್ಟು ಬರುವಂತೆ ಪ್ರಸ್ತಾವವನ್ನು ಮುಂದೂಡುತ್ತಾರೆ. ಅಪಾಯ ತೀರಾ ಹೆಚ್ಚಿದ್ದರೆ ತಿರಸ್ಕರಿಸುತ್ತಾರೆ. ಒಂದು ಕಂಪನಿ ತಿರಸ್ಕರಿಸಿದ್ದನ್ನು ಮತ್ತೊಂದು ಕಂಪನಿ ಹೆಚ್ಚುವರಿ ಕಂತಿನೊಡನೆ ಒಪ್ಪಿಕೊಳ್ಳಬಹುದು; ಏಕೆಂದರೆ ಪ್ರತಿ ಕಂಪನಿಗೂ ತನ್ನದೇ ಆದ ಮಾನದಂಡಗಳಿವೆ. ‘ಮುಂದೂಡಿಕೆ’ ಎಂಬುದನ್ನು ‘ತಿರಸ್ಕಾರ’ವೆಂದು ತಿಳಿದು ಕೈಚೆಲ್ಲುವುದು ಬೇಡ.

ಮೂರು ವರ್ಷದ ಕಲಂ: ಅರ್ಥ ಮತ್ತು ಅಪಾರ್ಥ

1938ರ ವಿಮಾ ಕಾಯಿದೆಯ 45ನೇ ಕಲಂ ಈ ವಿಷಯದ ಕೇಂದ್ರಬಿಂದು. 2015ರ ತಿದ್ದುಪಡಿಯ ನಂತರ, ಪಾಲಿಸಿ ಆರಂಭವಾಗಿ ಮೂರು ವರ್ಷ ಕಳೆದ ಮೇಲೆ ಯಾವುದೇ ಕಾರಣಕ್ಕೂ ವಿಮಾ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಆ ಮೂರು ವರ್ಷಗಳೊಳಗೆ ಪ್ರಶ್ನಿಸಲು ಎರಡು ದಾರಿಗಳಿವೆ. ವಂಚನೆ ಎಂದಾದರೆ ಹಣವೂ ಇಲ್ಲ, ಕಟ್ಟಿದ ಕಂತೂ ಮುಟ್ಟುಗೋಲು. ವಂಚನೆಯ ಉದ್ದೇಶವಿಲ್ಲದ ತಪ್ಪು ಹೇಳಿಕೆ ಅಥವಾ ಮಹತ್ವದ ಸಂಗತಿಯ ಮರೆಮಾಚುವಿಕೆ ಎಂದಾದರೆ, ಕಟ್ಟಿದ ಕಂತುಗಳನ್ನು 90 ದಿನಗಳೊಳಗೆ ಹಿಂದಿರುಗಿಸಬೇಕು. ಆದರೆ ವಿಮಾ ಮೊತ್ತ ಸಿಗುವುದಿಲ್ಲ. ಮರೆಮಾಚಿದ ಸಂಗತಿ ಮೊದಲೇ ತಿಳಿದಿದ್ದರೆ ಪಾಲಿಸಿಯನ್ನೇ ನೀಡುತ್ತಿರಲಿಲ್ಲ ಎಂಬುದನ್ನು ಸಾಬೀತುಪಡಿಸುವ ಹೊಣೆ ಕಂಪನಿಯದು. ವಂಚನೆಯ ಆರೋಪ ಬಂದು ಪಾಲಿಸಿದಾರ ಬದುಕಿಲ್ಲದಿದ್ದರೆ, ಅದನ್ನು ಅಲ್ಲಗಳೆಯುವ ಹೊಣೆ ಕುಟುಂಬದವರ ಮೇಲೆ ಬೀಳುತ್ತದೆ. ಪತಿ ಏನು ಯೋಚಿಸಿ ‘ಇಲ್ಲ’ ಎಂದು ಬರೆದನೆಂಬುದನ್ನು ವಿಧವೆಯಾದ ಪತ್ನಿ ಹೇಗೆ ತಾನೇ ಸಾಬೀತುಪಡಿಸಬಲ್ಲಳು?

‘ಮೂರು ವರ್ಷ ದಾಟಿದರೆ ಗೆದ್ದೆವು’ ಎಂಬ ಲೆಕ್ಕದಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ವ್ಯಸನ ಅಥವಾ ಮನೋವ್ಯಾಧಿ ಮರುಕಳಿಸುವ ಸಂಭವ ಹೆಚ್ಚಾಗಿರುವುದು ಚೇತರಿಕೆಯ ಆರಂಭದ ವರ್ಷಗಳಲ್ಲೇ. ರಕ್ಷಣೆ ಹೆಚ್ಚು ಬೇಕಾದ ಅವಧಿಯಲ್ಲೇ ಮರೆಮಾಚಿದ ಪಾಲಿಸಿ ದುರ್ಬಲವಾಗಿರುತ್ತದೆ. ಎರಡನೆಯದಾಗಿ, ಮೂರು ವರ್ಷಗಳ ಎಣಿಕೆ ಪಾಲಿಸಿ ನೀಡಿದ ದಿನದಿಂದಲೇ ಆರಂಭವಾಗಬೇಕೆಂದಿಲ್ಲ. ಪಾಲಿಸಿ ನೀಡಿದ ದಿನ, ಅಪಾಯದ ಹೊಣೆ ಆರಂಭವಾದ ದಿನ, ಪಾಲಿಸಿ ಪುನಶ್ಚೇತನಗೊಂಡ ದಿನ, ರೈಡರ್ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ ಎಣಿಕೆ. ಎರಡು ವರ್ಷ ಕಟ್ಟಿ, ನಡುವೆ ಬಿಟ್ಟು, ಮತ್ತೆ ಪುನಶ್ಚೇತನಗೊಳಿಸಿದರೆ ಮೂರು ವರ್ಷಗಳ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.

ನ್ಯಾಯಾಲಯಗಳ ನಿಲುವು

ಭಾರತೀಯ ಜೀವ ವಿಮಾ ನಿಗಮದ ಆರೋಗ್ಯ ಪಾಲಿಸಿಯೊಂದಕ್ಕೆ ಸಂಬಂಧಿಸಿದಂತೆ ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ನೀಡಿದ ತೀರ್ಪು ಇಲ್ಲಿ ಪ್ರಸ್ತುತ. 2013ರಲ್ಲಿ ಪಾಲಿಸಿ ಪಡೆದ ವ್ಯಕ್ತಿ ಮದ್ಯಪಾನದ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರಿಸಿದ್ದ. ಮರುವರ್ಷ ಹೊಟ್ಟೆನೋವಿನಿಂದ ಆಸ್ಪತ್ರೆ ಸೇರಿ ಹೃದಯಸ್ತಂಭನದಿಂದ ಮೃತಪಟ್ಟ. ಆಸ್ಪತ್ರೆಯ ದಾಖಲೆಯಲ್ಲಿ ದೀರ್ಘಕಾಲದ ಮದ್ಯವ್ಯಸನದ ಉಲ್ಲೇಖವಿತ್ತು. ಗ್ರಾಹಕ ವೇದಿಕೆಗಳು ಪತ್ನಿಯ ಪರವಾಗಿ ತೀರ್ಪಿತ್ತಿದ್ದರೂ, ಸರ್ವೋಚ್ಚ ನ್ಯಾಯಾಲಯವು ನಿಗಮದ ನಿರಾಕರಣೆಯನ್ನು ಎತ್ತಿಹಿಡಿಯಿತು.

ಹಾಗೆಂದು ಪ್ರತಿಯೊಂದು ಮರೆವೂ ಮಾರಕವಲ್ಲ. ಬೆನ್ನುಮೂಳೆಯ ಸವೆತವನ್ನು ತಿಳಿಸದಿದ್ದ ವ್ಯಕ್ತಿ ಹೃದಯದ ಕಾಯಿಲೆಯಿಂದ ಮೃತಪಟ್ಟ ಪ್ರಕರಣದಲ್ಲಿ, 2015ರಲ್ಲಿ ಅದೇ ನ್ಯಾಯಾಲಯ ಕುಟುಂಬಕ್ಕೆ ಹಣ ಕೊಡಿಸಿತು. ಬೆನ್ನುನೋವು ಆಯುಸ್ಸಿನ ಅಂದಾಜನ್ನು ಬದಲಿಸುವುದಿಲ್ಲ, ಮದ್ಯವ್ಯಸನ ಬದಲಿಸುತ್ತದೆ. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ವ್ಯತ್ಯಾಸ ತಿಳಿಯುತ್ತದೆ.

‘ಫಾರಂ ತುಂಬಿದ್ದು ಏಜೆಂಟರು, ನಾನು ಸಹಿ ಮಾತ್ರ ಹಾಕಿದೆ’ ಎಂಬ ಸಮಜಾಯಿಷಿಯೂ ನಡೆಯದು. ಸಹಿ ಮಾಡಿದವನು ಅದರ ಒಕ್ಕಣೆಗೆ ಬದ್ಧನೆಂದು 2019ರ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ‘ಅದೆಲ್ಲಾ ಬರೆಯೋದು ಬೇಡ ಸಾರ್’ ಎಂದು ಸಲಹೆ ಕೊಡುವ ಏಜೆಂಟರು ತಮ್ಮದೇ ನೀತಿಸಂಹಿತೆಯನ್ನು ಮುರಿಯುತ್ತಿರುತ್ತಾರೆ. ಗ್ರಾಹಕರ ಪ್ರತಿಕೂಲ ಅಭ್ಯಾಸಗಳನ್ನು ಗೌಪ್ಯ ವರದಿಯ ಮೂಲಕ ಕಂಪನಿಗೆ ತಿಳಿಸಬೇಕಾದುದು ಏಜೆಂಟರ ಕರ್ತವ್ಯ. ಆದರೆ ಕ್ಲೇಮು ಬಿದ್ದುಹೋದಾಗ ನಷ್ಟ ಅನುಭವಿಸುವುದು ಏಜೆಂಟರಲ್ಲ, ಪಾಲಿಸಿದಾರನ ಮಕ್ಕಳು.

ಪ್ರಸ್ತಾವನಾ ಪತ್ರದ ಪ್ರಶ್ನೆಗಳು

ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮದ್ಯ ಅಥವಾ ಮಾದಕ ವಸ್ತು ಬಳಸುತ್ತೀರಾ ಎಂದಷ್ಟೇ ಅಲ್ಲ, ‘ಎಂದಾದರೂ ಬಳಸಿದ್ದೀರಾ’ ಎಂದೂ ಕೇಳಿರುತ್ತಾರೆ. ಕಳೆದ ಐದು ವರ್ಷಗಳಲ್ಲಿ ಒಂದು ವಾರಕ್ಕೂ ಹೆಚ್ಚಿನ ಚಿಕಿತ್ಸೆ, ಆಸ್ಪತ್ರೆಗೆ ದಾಖಲಾದದ್ದು, ಅನಾರೋಗ್ಯದಿಂದ ಕೆಲಸಕ್ಕೆ ಹೋಗದಿದ್ದದ್ದು, ಮೆದುಳು ಮತ್ತು ನರಮಂಡಲದ ಕಾಯಿಲೆ, ಬೇರೆ ಕಂಪನಿ ಪ್ರಸ್ತಾವವನ್ನು ತಿರಸ್ಕರಿಸಿದ್ದು ಇವೆಲ್ಲಕ್ಕೂ ಪ್ರತ್ಯೇಕ ಪ್ರಶ್ನೆಗಳಿರುತ್ತವೆ. ವ್ಯಸನಮುಕ್ತಿ ಕೇಂದ್ರದಲ್ಲಿ ಮೂರು ವಾರ ಕಳೆದವನು ಅದೊಂದನ್ನು ಮುಚ್ಚಿಡಲು ಇವುಗಳಲ್ಲಿ ನಾಲ್ಕಕ್ಕೆ ಸುಳ್ಳು ಉತ್ತರ ಬರೆಯಬೇಕಾಗುತ್ತದೆ. ಆಗ ಅದನ್ನು ಅಚಾತುರ್ಯವೆಂದು ಯಾರೂ ನಂಬಲಾರರು. ಧರ್ಮಸ್ಥಳದ ಯೋಜನೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಂತಹವುಗಳಲ್ಲಿ ಪಾಲ್ಗೊಂಡು ಕುಡಿತ ಬಿಟ್ಟವರು ಅನೇಕರಿದ್ದಾರೆ. ಆಸ್ಪತ್ರೆಯಲ್ಲದ ಕಾರಣ ಹೇಳಬೇಕಿಲ್ಲವೆಂದು ಭಾವಿಸದೆ, ಅಭ್ಯಾಸದ ಪ್ರಶ್ನೆಗೆ ಉತ್ತರಿಸುವಾಗ ಶಿಬಿರದ ದಿನಾಂಕವನ್ನೂ ಕುಡಿತ ಬಿಟ್ಟ ದಿನಾಂಕವನ್ನೂ ಬರೆಯುವುದು ಉತ್ತಮ.

ಸಣ್ಣ ಊರುಗಳಲ್ಲಿ ಮರೆಮಾಚುವಿಕೆಗೆ ನಿಜವಾದ ಕಾರಣ ವಂಚನೆಯ ಮನಸ್ಸಲ್ಲ, ಸಂಕೋಚ. ಏಜೆಂಟರು ಷಡ್ಡಕನೋ ಎದುರು ಅಂಗಡಿಯವರೋ ಆಗಿರುತ್ತಾರೆ. ಅವರೆದುರು ಮನೋವೈದ್ಯರ ಚೀಟಿಯನ್ನು ಇಡಲು ಯಾರಿಗೆ ತಾನೇ ಮನಸ್ಸು ಬಂದೀತು? ಇದಕ್ಕೆ ಪರಿಹಾರ ಸರಳ. ಪರಿಚಿತರಲ್ಲದ ಏಜೆಂಟರ ಮೂಲಕವೋ, ನೇರವಾಗಿ ಶಾಖೆಯಲ್ಲೋ, ಕಂಪನಿಯ ಅಂತರ್ಜಾಲ ತಾಣದಲ್ಲೋ ಪ್ರಸ್ತಾವ ಸಲ್ಲಿಸಬಹುದು. ವೈದ್ಯರ ವರದಿಯನ್ನು ಮುಚ್ಚಿದ ಲಕೋಟೆಯಲ್ಲಿ ಶಾಖೆಗೆ ತಲುಪಿಸಿ ಸ್ವೀಕೃತಿ ಪಡೆಯಬಹುದು.

ಸಿದ್ಧಪಡಿಸಬೇಕಾದ ಕಡತ

ಬ್ಯಾಂಕಿನಲ್ಲಿ ಸಾಲ ಕೇಳುವಾಗ ಹೇಗೆ ಕಡತ ಸಿದ್ಧಪಡಿಸುತ್ತೇವೆಯೋ ಹಾಗೆಯೇ ಇಲ್ಲಿಯೂ ಮಾಡಬೇಕು.

1. ಚಿಕಿತ್ಸೆ ನೀಡಿದ ವೈದ್ಯರಿಂದ ಸಾರಾಂಶ ಪತ್ರ: ರೋಗನಿರ್ಣಯ, ಚಿಕಿತ್ಸೆಯ ಅವಧಿ, ಕೊನೆಯ ಭೇಟಿ, ಈಗಿನ ಸ್ಥಿತಿ, ಔಷಧಗಳ ವಿವರ. ತಮ್ಮ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕನ್ನು 2017ರ ಕಾಯಿದೆಯ 25ನೇ ಕಲಂ ರೋಗಿಗಳಿಗೆ ನೀಡಿದೆ.

2. ಆಸ್ಪತ್ರೆಯ ಬಿಡುಗಡೆ ಪತ್ರ.

3. ಯಕೃತ್ತಿನ ಪರೀಕ್ಷೆಯ ಹಲವು ವರದಿಗಳು. ಒಂದೇ ದಿನದ ವರದಿಗಿಂತ, ಆರು ತಿಂಗಳಿಗೊಮ್ಮೆ ಮಾಡಿಸಿದ ಮೂರು ನಾಲ್ಕು ವರದಿಗಳು ಚೇತರಿಕೆಯ ಸ್ಥಿರತೆಯನ್ನು ತೋರಿಸುತ್ತವೆ.

4. ಮೂರು ವರ್ಷಗಳ ಆದಾಯ ತೆರಿಗೆ ವಿವರಪಟ್ಟಿಗಳು. ದೊಡ್ಡ ಮೊತ್ತದ ಪಾಲಿಸಿಗೆ ಇವನ್ನು ಹೇಗೂ ಕೇಳುತ್ತಾರೆ. ವ್ಯಕ್ತಿ ನಿಯತವಾಗಿ ದುಡಿಯುತ್ತಿದ್ದಾನೆಂಬುದಕ್ಕೂ ಅವೇ ಆಧಾರ.

ಒಮ್ಮೆಗೇ ನಾಲ್ಕಾರು ಕಂಪನಿಗಳಿಗೆ ಅರ್ಜಿ ಹಾಕುವುದು ಜಾಣತನವಲ್ಲ. ಒಂದು ಕಡೆ ತಿರಸ್ಕೃತವಾದರೆ ಮುಂದಿನ ಪ್ರತಿ ಅರ್ಜಿಯಲ್ಲೂ ಅದನ್ನು ನಮೂದಿಸಬೇಕಾಗುತ್ತದೆ. ಇಂತಹ ಇತಿಹಾಸವಿರುವವರನ್ನು ಪರಿಗಣಿಸುವರೇ ಎಂದು ಬ್ರೋಕರ್ ಮೂಲಕ ಮೊದಲೇ ವಿಚಾರಿಸಿ, ಅನುಕೂಲವಾದ ಕಡೆ ಔಪಚಾರಿಕ ಪ್ರಸ್ತಾವ ಸಲ್ಲಿಸುವುದು ಲೇಸು. ಪಾಲಿಸಿ ಬಂದ ಮೇಲೆ ಅದರೊಡನೆ ಬರುವ ಪ್ರಸ್ತಾವನಾ ಪತ್ರದ ಪ್ರತಿಯನ್ನು ಓದಬೇಕು. ಬರೆದ ಉತ್ತರ ಬದಲಾಗಿದ್ದರೆ ತಕ್ಷಣ ಲಿಖಿತವಾಗಿ ತಿಳಿಸಬೇಕು. 2024ರ ನಿಯಮಗಳಂತೆ, ಒಪ್ಪಿಗೆಯಾಗದ ಪಾಲಿಸಿಯನ್ನು 30 ದಿನಗಳೊಳಗೆ ಹಿಂದಿರುಗಿಸುವ ಅವಕಾಶವೂ ಇದೆ.

ಸತ್ಯದ ಬೆಲೆ ಎಷ್ಟು?

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ಮಾತ್ರ. ನಲವತ್ತನಾಲ್ಕು ವರ್ಷದ ಹಾರ್ಡ್‌ವೇರ್ ವರ್ತಕರೊಬ್ಬರು ಕುಡಿತ ಬಿಟ್ಟು ಮೂರು ವರ್ಷವಾಗಿದೆ. ಬ್ಯಾಂಕಿನಲ್ಲಿ 50 ಲಕ್ಷ ರೂಪಾಯಿಗಳ ಕ್ಯಾಶ್ ಕ್ರೆಡಿಟ್ ಸಾಲವಿದೆ. 16 ವರ್ಷದ ಅವಧಿಗೆ 75 ಲಕ್ಷ ರೂಪಾಯಿಗಳ ಟರ್ಮ್ ಪಾಲಿಸಿ ಬೇಕು. ಸಾಮಾನ್ಯ ಕಂತು ವಾರ್ಷಿಕ 20,000 ರೂಪಾಯಿ ಎಂದಿಟ್ಟುಕೊಂಡರೆ, ಸತ್ಯ ಹೇಳಿದ್ದಕ್ಕೆ ಶೇಕಡಾ 75ರಷ್ಟು ಹೆಚ್ಚುವರಿ ಬಿದ್ದು ಅದು 35,000 ರೂಪಾಯಿ ಆಗುತ್ತದೆ. ಸತ್ಯದ ಬೆಲೆ ವರ್ಷಕ್ಕೆ 15,000 ರೂಪಾಯಿ, ಅಂದರೆ ತಿಂಗಳಿಗೆ 1,250 ರೂಪಾಯಿ. ಹದಿನಾರು ವರ್ಷಕ್ಕೆ ಒಟ್ಟು 2,40,000 ರೂಪಾಯಿ. ಕುಡಿತದ ದಿನಗಳಲ್ಲಿ ತಿಂಗಳಿಗೆ ಇದಕ್ಕಿಂತ ಹೆಚ್ಚು ಹಣ ಎಲ್ಲಿಗೆ ಹೋಗುತ್ತಿತ್ತೆಂಬುದನ್ನು ಬೇರೆ ಹೇಳಬೇಕಿಲ್ಲ.

ಮರೆಮಾಚಿ 20,000ಕ್ಕೇ ಪಾಲಿಸಿ ಪಡೆದು, ಎರಡನೆಯ ವರ್ಷದಲ್ಲಿ ದುರದೃಷ್ಟವಶಾತ್ ಮರಣ ಸಂಭವಿಸಿದರೆ, ಉಳಿಸಿದ ಹಣ 30,000 ರೂಪಾಯಿ, ಅಪಾಯಕ್ಕೆ ಒಡ್ಡಿದ ಹಣ 75 ಲಕ್ಷ ರೂಪಾಯಿ. ಸಾಲದ ಬಾಬ್ತು ಬ್ಯಾಂಕಿನವರು ಅಂಗಡಿಗೂ ಮನೆಗೂ ನೋಟೀಸು ಅಂಟಿಸುತ್ತಾರೆ. ಲೆಕ್ಕ ಬಲ್ಲ ಯಾವ ವ್ಯಾಪಾರಿಯೂ ಇಂತಹ ವ್ಯಾಪಾರ ಮಾಡಲಾರ. ಕಂತಿನ ಹೊರೆಯ ವಿಷಯದಲ್ಲಿ ಒಂದು ಸಮಾಧಾನವೂ ಇದೆ: ವೈಯಕ್ತಿಕ ಜೀವವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

ಹಳೆಯ ಪಾಲಿಸಿ ಮತ್ತು ಸಾಲದೊಡನೆ ಬರುವ ವಿಮೆ

ಕಾಯಿಲೆ ಬರುವ ಮೊದಲೇ ಪಡೆದ ಪಾಲಿಸಿ ಚಿನ್ನಕ್ಕೆ ಸಮಾನ. ಆಮೇಲೆ ಬಂದ ವ್ಯಸನವಾಗಲಿ ಕಾಯಿಲೆಯಾಗಲಿ ಅದರ ಕಂತನ್ನು ಹೆಚ್ಚಿಸುವುದಿಲ್ಲ, ರಕ್ಷಣೆಯನ್ನು ಕಿತ್ತುಕೊಳ್ಳುವುದಿಲ್ಲ. ಕಷ್ಟಕಾಲದಲ್ಲಿ ಮೊದಲು ನಿಲ್ಲುವುದು ವಿಮೆಯ ಕಂತೇ ಆದುದರಿಂದ, ಮನೆಯವರು ಇದರ ಮೇಲೆ ಕಣ್ಣಿಡಬೇಕು. ವಾರ್ಷಿಕ ಕಂತಿಗೆ 30 ದಿನ, ಮಾಸಿಕ ಕಂತಿಗೆ 15 ದಿನ ರಿಯಾಯಿತಿ ಅವಧಿ ಇರುತ್ತದೆ. ಆ ಅವಧಿಯಲ್ಲಿ ಹೇಗಾದರೂ ಹಣ ಹೊಂದಿಸುವುದು ಲೇಸು. ರದ್ದಾದ ಪಾಲಿಸಿಯ ಪುನಶ್ಚೇತನಕ್ಕೆ ಹೊಸದಾಗಿ ಆರೋಗ್ಯ ಘೋಷಣೆ ಕೊಡಬೇಕು, ಮೂರು ವರ್ಷಗಳ ಎಣಿಕೆಯೂ ಹೊಸದಾಗುತ್ತದೆ.

ವ್ಯಾಪಾರಸ್ಥರು ಗಮನಿಸದ ಇನ್ನೊಂದು ಕಾಗದವಿದೆ. ಗೃಹಸಾಲ ಅಥವಾ ವ್ಯಾಪಾರದ ಸಾಲ ಪಡೆಯುವಾಗ, ಸಾಲಗಾರ ಮೃತಪಟ್ಟರೆ ಬಾಕಿ ತೀರಿಸುವ ಗುಂಪು ವಿಮೆಯನ್ನೂ ಕೆಲವೊಮ್ಮೆ ಮಾರುತ್ತಾರೆ. ಸಾಲದ ಹತ್ತಾರು ಕಾಗದಗಳ ನಡುವೆ ‘ಉತ್ತಮ ಆರೋಗ್ಯದ ಘೋಷಣೆ’ ಎಂಬ ಒಂದು ಹಾಳೆ ಇರುತ್ತದೆ. ತನಗೆ ಯಾವ ಮಾನಸಿಕ ಕಾಯಿಲೆಯೂ ವ್ಯಸನವೂ ಇಲ್ಲವೆಂದು ಅದರಲ್ಲಿ ಅಚ್ಚಾಗಿರುತ್ತದೆ. ಓದದೆ ಸಹಿ ಮಾಡಿದರೆ ಅದೂ ಸುಳ್ಳು ಘೋಷಣೆಯೇ. 45ನೇ ಕಲಂ ಅದಕ್ಕೂ ಅನ್ವಯ.

ಪಾಲಿಸಿ ಸಿಗದಿದ್ದರೆ

ಸದ್ಯಕ್ಕೆ ಯಾವ ಕಂಪನಿಯೂ ಒಪ್ಪದಿದ್ದರೂ ಕೈಕಟ್ಟಿ ಕೂರಬೇಕಾಗಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮಾ ಯೋಜನೆಯಲ್ಲಿ 18ರಿಂದ 50 ವರ್ಷದವರು ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. ವಾರ್ಷಿಕ ಕಂತು 436 ರೂಪಾಯಿ, ವಿಮಾ ಮೊತ್ತ 2 ಲಕ್ಷ ರೂಪಾಯಿ. ವೈದ್ಯಕೀಯ ಪರೀಕ್ಷೆ ಇಲ್ಲ. ಸೇರಿದ ಮೊದಲ 30 ದಿನಗಳಲ್ಲಿ ಅಪಘಾತವಲ್ಲದ ಮರಣಕ್ಕೆ ಹಣ ಸಿಗುವುದಿಲ್ಲ. ಭವಿಷ್ಯನಿಧಿಯ ಸದಸ್ಯರಾದ ನೌಕರರಿಗೆ ಠೇವಣಿ ಆಧಾರಿತ ವಿಮಾ ಯೋಜನೆಯಡಿ ಗರಿಷ್ಠ 7 ಲಕ್ಷ ರೂಪಾಯಿಗಳವರೆಗೆ ರಕ್ಷಣೆಯಿದೆ. ನೌಕರನಿಂದ ಕಂತನ್ನೂ ಕಡಿಯುವುದಿಲ್ಲ, ಆರೋಗ್ಯದ ಪ್ರಶ್ನೆಯನ್ನೂ ಕೇಳುವುದಿಲ್ಲ. ಹೆಚ್ಚು ನೌಕರರಿರುವ ಸಂಸ್ಥೆಯು ಗುಂಪು ಟರ್ಮ್ ವಿಮೆ ಮಾಡಿಸಿದರೆ, ನಿಗದಿತ ಮೊತ್ತದವರೆಗೆ ವೈಯಕ್ತಿಕ ವೈದ್ಯಕೀಯ ಪರೀಕ್ಷೆಯಿಲ್ಲದೆ ಎಲ್ಲರಿಗೂ ರಕ್ಷಣೆ ದೊರೆಯುತ್ತದೆ. ತಮ್ಮಲ್ಲಿ ಚೇತರಿಸಿಕೊಳ್ಳುತ್ತಿರುವ ನೌಕರನಿದ್ದರೆ, ಅವನ ಹೆಸರೆತ್ತದೆಯೇ ಅವನ ಸಂಸಾರಕ್ಕೆ ಮಾಡಬಹುದಾದ ಉಪಕಾರವಿದು.

ವ್ಯಸನದ ದಿನಗಳ ಸಾಲ ಇನ್ನೂ ಉಳಿದಿರುವ ವಿವಾಹಿತರು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆಯ 6ನೇ ಕಲಮನ್ನೂ ಗಮನಿಸಬೇಕು. ಹೆಂಡತಿ ಮಕ್ಕಳ ಹಿತಕ್ಕಾಗಿ ಎಂದು ಪ್ರಸ್ತಾವದ ಹಂತದಲ್ಲೇ ನಮೂದಿಸಿ ಪಡೆದ ಪಾಲಿಸಿಯ ಹಣ ಅವರಿಗೇ ಮೀಸಲು. ಸಾಲಗಾರರನ್ನು ವಂಚಿಸುವ ಉದ್ದೇಶ ಸಾಬೀತಾಗದ ಹೊರತು ಸಾಲ ಕೊಟ್ಟವರು ಅದನ್ನು ಮುಟ್ಟುವಂತಿಲ್ಲ.

ಎಲ್ಲರೂ ಕೇಳಲು ಹಿಂಜರಿಯುವ ಪ್ರಶ್ನೆಯೊಂದಿದೆ. ಪಾಲಿಸಿ ಆರಂಭವಾದ ಅಥವಾ ಪುನಶ್ಚೇತನಗೊಂಡ 12 ತಿಂಗಳೊಳಗೆ ಆತ್ಮಹತ್ಯೆ ಸಂಭವಿಸಿದರೆ, ಟರ್ಮ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಕಟ್ಟಿದ ಕಂತಿನ ಶೇಕಡಾ 80ರಷ್ಟು ಮಾತ್ರ ಕುಟುಂಬಕ್ಕೆ ಬರುತ್ತದೆ. ಆದರೆ ನಿಯಮಗಳನ್ನು ತಿಳಿಯುವುದಕ್ಕಿಂತ ಮುಖ್ಯವಾದುದು ಬದುಕು. ಮನಸ್ಸು ಭಾರವಾದಾಗ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. 2022ರಲ್ಲಿ ಆರಂಭವಾದ ಈ ರಾಷ್ಟ್ರೀಯ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ.

ಕ್ಲೇಮು ನಿರಾಕೃತವಾದರೆ

ಎಲ್ಲವನ್ನೂ ತಿಳಿಸಿದ್ದರೂ ಕಂಪನಿ ಹಣ ಕೊಡದಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷ ರೂಪಾಯಿಗಳವರೆಗಿನ ಪರಿಹಾರ ನೀಡುವ ಅಧಿಕಾರ ಒಂಬುಡ್ಸ್‌ಮನ್‌ಗೆ ಇದೆ. ಆ ತೀರ್ಪು ಕಂಪನಿಯನ್ನು ಬಂಧಿಸುತ್ತದೆ. ಗ್ರಾಹಕ ಆಯೋಗದ ದಾರಿಯೂ ತೆರೆದಿದೆ. ಅಲ್ಲೆಲ್ಲಾ ಕುಟುಂಬದ ಕೈಯಲ್ಲಿರುವ ಬಲವಾದ ಆಯುಧವೆಂದರೆ, ಕಾಯಿಲೆಯನ್ನು ತಿಳಿಸಿದ್ದ ಪ್ರಸ್ತಾವನಾ ಪತ್ರದ ಪ್ರತಿ ಮತ್ತು ವೈದ್ಯರ ವರದಿಗೆ ಪಡೆದ ಸ್ವೀಕೃತಿ. ತಾನೇ ತಿಳಿದು ಒಪ್ಪಿಕೊಂಡ ಸಂಗತಿಯನ್ನು ಮುಂದೊಡ್ಡಿ ಕಂಪನಿ ನುಣುಚಿಕೊಳ್ಳುವಂತಿಲ್ಲ.

ಸಂಸ್ಥೆಯ ಬ್ಯಾಲೆನ್ಸ್ ಶೀಟಿನಲ್ಲಿ ಸಂಭಾವ್ಯ ಹೊಣೆಗಾರಿಕೆಗಳನ್ನು ಟಿಪ್ಪಣಿಯಲ್ಲಿ ತೋರಿಸುವುದು ನಮ್ಮ ವೃತ್ತಿಯ ಮೊದಲ ಪಾಠ. ತೋರಿಸಿದ ಮಾತ್ರಕ್ಕೆ ಸಂಸ್ಥೆಯ ಗೌರವ ಕುಂದುವುದಿಲ್ಲ. ಮುಚ್ಚಿಟ್ಟದ್ದು ಬಯಲಾದಾಗ ಕುಂದುತ್ತದೆ. ಜೀವವಿಮೆಯ ಪ್ರಸ್ತಾವನಾ ಪತ್ರವೂ ವ್ಯಕ್ತಿಯ ಬಾಳಿನ ಬ್ಯಾಲೆನ್ಸ್ ಶೀಟು. ಗುಣಮುಖರಾದ ಸದಸ್ಯ ಬಂಧುಗಳು ಈ ವರ್ಷ ಮಾರ್ಚ್ ತಿಂಗಳಿಗಾಗಿ ಕಾಯದೆ, ಮೊದಲು ತಮ್ಮ ವೈದ್ಯರಿಂದ ಸಾರಾಂಶ ಪತ್ರ ಪಡೆದುಕೊಳ್ಳಲಿ. ಹಳೆಯ ಪಾಲಿಸಿಗಳಿದ್ದರೆ ಅವುಗಳ ಕಂತಿನ ದಿನಾಂಕಗಳನ್ನು ಮನೆಯವರಿಗೂ ಬರೆದುಕೊಡಲಿ. ಉಳಿದ ಕೆಲಸ ಅಲ್ಲಿಂದ ಸಲೀಸಾಗುತ್ತದೆ.